ಪಾದಗಳನ್ನು ಓದಿದ ವರ್ಷಗಳು: ಪೋಡಿಯಾಟ್ರಿ ಡಿಗ್ರಿ ಮತ್ತು ಆಮೇಲಿನ ಕೆಲಸ

ನಾನು ಬ್ರಿಟನ್‌ನಲ್ಲಿ ಪೋಡಿಯಾಟ್ರಿ ಓದಿ ಈಗ ಅದೇ ಕೆಲಸದಲ್ಲಿದ್ದೇನೆ. ಪಾದ, ಕಣಕಾಲು, ಅಲ್ಲಿಂದ ಶುರುವಾಗಿ ಮಂಡಿ ಸೊಂಟದ ತನಕ ಹಬ್ಬುವ ತೊಂದರೆಗಳು, ಇವಿಷ್ಟೂ ನಮ್ಮ ಪಾಲಿಗೆ ಬರುತ್ತವೆ. ಈ ಕೋರ್ಸ್ ಬಗ್ಗೆ ವಿಚಾರಿಸುವವರು ಹೆಚ್ಚಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. ಉಗುರು ಕತ್ತರಿಸೋಕೆ ಡಿಗ್ರಿ ಯಾಕೆ ಬೇಕು? ಓದಿದ ಮೇಲೆ ಕೆಲಸ ಸಿಗುತ್ತಾ? ಎರಡನೆಯದಕ್ಕೆ ಉತ್ತರ ಸುಲಭ, ಸಿಗುತ್ತದೆ. ಮೊದಲನೆಯದಕ್ಕೆ ಉತ್ತರ ಹೇಳಬೇಕಾದರೆ ಕೋರ್ಸ್‌ನಲ್ಲಿ ಏನೇನು ನಡೆಯುತ್ತದೆ ಅಂತ ಬಿಡಿಸಿ ಹೇಳಬೇಕು.

ಸೇರುವ ದಾರಿ ಜಟಿಲವಲ್ಲ. ಬ್ರಿಟನ್‌ನ ವಿಶ್ವವಿದ್ಯಾಲಯಗಳಿಗೆ ಅರ್ಜಿ ತೆಗೆದುಕೊಳ್ಳುವ ಯುಕಾಸ್ ಎಂಬ ಸಂಸ್ಥೆಯ ಮೂಲಕ ಅರ್ಜಿ ಹಾಕಬೇಕು. ಈ ಕೋರ್ಸೇ ಯಾಕೆ ಅಂತ ನಮ್ಮದೇ ಮಾತಿನಲ್ಲಿ ಬರೆದುಕೊಡಬೇಕು. ಆಮೇಲೆ ಇಂಟರ್‌ವ್ಯೂ. ಇಂಗ್ಲೆಂಡ್‌ನಲ್ಲಿ ಡಿಗ್ರಿ ಸಾಮಾನ್ಯವಾಗಿ 3 ವರ್ಷ, ಸ್ಕಾಟ್ಲೆಂಡ್‌ನಲ್ಲಿ 4 ವರ್ಷ. ಸೀಟು ಸಿಕ್ಕ ಮೇಲೆ ಪೊಲೀಸ್ ದಾಖಲೆಯ ಪರಿಶೀಲನೆ, ಆರೋಗ್ಯ ತಪಾಸಣೆ, ಹೆಪಟೈಟಿಸ್ ಬಿ ಲಸಿಕೆ ಎಲ್ಲ ಆಗಬೇಕು. ಯಾಕೆಂದರೆ ಮೊದಲ ವರ್ಷದಲ್ಲೇ ರೋಗಿಗಳ ಮುಂದೆ ಕೂರಿಸುತ್ತಾರೆ. ನನ್ನ ಇಂಟರ್‌ವ್ಯೂನಲ್ಲಿ ವಿಜ್ಞಾನದ ಪ್ರಶ್ನೆಗಳು ಕಡಿಮೆ. ಮನೆ ಬಿಟ್ಟು ಹೊರಗೆ ಬರಲಾಗದ ವಯಸ್ಸಾದವರ ಹತ್ತಿರ ಹೇಗೆ ಮಾತಾಡುತ್ತೀರಿ, ಗುರುತಿಲ್ಲದವರ ಪಾದವನ್ನು ದಿನವಿಡೀ ಮುಟ್ಟುವ ಕೆಲಸ ನಿಮಗೆ ಒಗ್ಗುತ್ತದಾ, ಇಂಥವೇ ಜಾಸ್ತಿ ಇದ್ದವು. ಎರಡನೇ ಪ್ರಶ್ನೆಯನ್ನು ಪ್ರತಿಯೊಬ್ಬರೂ ಅರ್ಜಿ ಹಾಕುವ ಮುಂಚೆಯೇ ಕೇಳಿಕೊಳ್ಳಬೇಕು. ಇಲ್ಲಿ ಕೊಳೆ ಇರುತ್ತದೆ, ವಾಸನೆ ಇರುತ್ತದೆ, ಕೀವು ಇರುತ್ತದೆ. ಅದರ ಜೊತೆಗೆ, ವರ್ಷಗಟ್ಟಲೆ ಯಾರೂ ತನ್ನ ಕಾಲನ್ನು ಮುಟ್ಟಿಲ್ಲ ಅನ್ನುವ ಮನುಷ್ಯನೂ ಇರುತ್ತಾನೆ.

ಮೊದಲ ವರ್ಷದ ಬಹುಪಾಲು ಅನಾಟಮಿಗೇ ಹೋಯಿತು. ಒಂದು ಪಾದದಲ್ಲಿ 26 ಮೂಳೆ, 33 ಕೀಲು. ಎರಡೂ ಪಾದ ಸೇರಿದರೆ 52 ಮೂಳೆ, ಅಂದರೆ ಇಡೀ ದೇಹದ 206ರಲ್ಲಿ ಕಾಲು ಭಾಗ. ಪುಸ್ತಕದಲ್ಲಿ ಓದಿದ್ದನ್ನು ಮಾರನೇ ದಿನ ಒಬ್ಬರ ಕಾಲಿನ ಮೇಲೆ ಇನ್ನೊಬ್ಬರು ಪೆನ್ನಿನಲ್ಲಿ ಗುರುತು ಮಾಡುತ್ತಿದ್ದೆವು. ಪಾದದ ಒಳಬದಿಯಲ್ಲಿ ಬೆರಳಿಗೆ ಉಬ್ಬು ಸಿಗುವ ಮೂಳೆ ನವಿಕ್ಯುಲರ್. ಹೊರಬದಿಯ ನಡುವೆ ಚೂಪಾಗಿ ತಾಗುವುದು ಐದನೇ ಮೆಟಟಾರ್ಸಲ್‌ನ ಬುಡ. ಕಣಕಾಲಿನೊಳಗೆ ಕೂತಿರುವ ಟೇಲಸ್ ನನಗೆ ಇವತ್ತಿಗೂ ಬೆರಗು. ಮೈಯ ಅಷ್ಟೂ ಭಾರ ಅದರ ಮೂಲಕವೇ ಪಾದಕ್ಕೆ ಇಳಿಯುತ್ತದೆ. ಆದರೂ ಒಂದೇ ಒಂದು ಸ್ನಾಯು ಅದಕ್ಕೆ ಅಂಟಿಕೊಂಡಿಲ್ಲ. ಸುತ್ತಲಿನ ಮೂಳೆಗಳು, ಅಸ್ಥಿರಜ್ಜುಗಳು ಹಿಡಿದಿಟ್ಟುಕೊಂಡಿರುವುದರಿಂದಲೇ ಅದು ತನ್ನ ಜಾಗದಲ್ಲಿದೆ.

ಅನಾಟಮಿಯ ಜೊತೆಜೊತೆಗೇ ಸ್ಕಾಲ್ಪೆಲ್ ಕೈಗೆ ಬರುತ್ತದೆ. 3ನೇ ನಂಬರಿನ ಹಿಡಿ, ಅಗಲವಾದ ಜಡ್ಡಿಗೆ 10ನೇ ನಂಬರಿನ ಬ್ಲೇಡ್, ಸಣ್ಣ ಜಾಗಕ್ಕೆ ಮತ್ತು ಆಣಿಗೆ 15. ಮೊದಲು ಕೃತಕ ಚರ್ಮದ ತುಂಡಿನ ಮೇಲೆ ಅಭ್ಯಾಸ, ಆಮೇಲೆ ಸಹಪಾಠಿಗಳ ಹಿಮ್ಮಡಿ, ಆಮೇಲೆ ವಿಶ್ವವಿದ್ಯಾಲಯದ್ದೇ ಕ್ಲಿನಿಕ್‌ಗೆ ಬರುವ ರೋಗಿಗಳು. ಹೊಸಬರು ಬ್ಲೇಡ್ ಹಿಡಿದ ಕೈಯನ್ನೇ ನೋಡುತ್ತಾರೆ. ನಿಜವಾಗಿ ಜಾಸ್ತಿ ಕೆಲಸ ಇನ್ನೊಂದು ಕೈಯದು. ಅದು ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದರೆ ಬ್ಲೇಡ್ ತನ್ನಷ್ಟಕ್ಕೆ ಜಾರುತ್ತದೆ, ಗಟ್ಟಿ ಚರ್ಮ ತೆಳ್ಳಗೆ ಪದರ ಪದರವಾಗಿ ಬರುತ್ತದೆ. ಹಿಡಿತ ಸಡಿಲವಾದರೆ ಬ್ಲೇಡ್ ತಡವರಿಸುತ್ತದೆ. ಒಳಗಿನ ಮೆತ್ತಗಿನ ಚರ್ಮ ಹತ್ತಿರ ಬಂದಾಗ ಪದರದ ಬಣ್ಣ ಬದಲಾಗುತ್ತದೆ, ಬ್ಲೇಡಿನ ಕೆಳಗೆ ಸಿಗುವ ತಡೆ ಕಡಿಮೆಯಾಗುತ್ತದೆ. ಅಲ್ಲಿ ನಿಲ್ಲಿಸಬೇಕು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೈಗೆ ಬರಲು ತಿಂಗಳುಗಳು ಹಿಡಿದವು.

ಆಣಿ ತೆಗೆಯುವುದು ಇನ್ನೂ ಸೂಕ್ಷ್ಮ. ಮೇಲಿನ ಜಡ್ಡು ತೆಗೆದ ಮೇಲೆ ನಡುವೆ ಗಾಜಿನ ಹೊಳಪಿನ ಒಂದು ಗಟ್ಟಿ ತಿರುಳು ಕಾಣಿಸುತ್ತದೆ. ಅದನ್ನು ಬ್ಲೇಡಿನ ತುದಿಯಿಂದ ಸುತ್ತ ಬಿಡಿಸಿ ಎತ್ತಬೇಕು. ಕುಂಟುತ್ತಾ ಬಂದವರು ಕುರ್ಚಿಯಿಂದ ಇಳಿದು ನೆಲದ ಮೇಲೆ ಕಾಲಿಟ್ಟ ಕ್ಷಣ ಮುಖ ಬದಲಾಗುತ್ತದೆ. ಅಷ್ಟು ಬೇಗ ಫಲ ಕಾಣುವ ಚಿಕಿತ್ಸೆ ವೈದ್ಯಕೀಯದಲ್ಲಿ ಕಡಿಮೆಯೇ.

ಆದರೆ ನಮ್ಮ ಕೋರ್ಸಿನ ನಿಜವಾದ ಪಾಠ ಇದಕ್ಕೆ ತಿರುವುಮುರುವು. ಅದು ನೋವೇ ಇಲ್ಲದ ಕಾಲಿನ ಪಾಠ.

ಆ ವರ್ಷ ಕ್ಲಿನಿಕ್‌ಗೆ ಬಂದ ಒಬ್ಬರು ಹಿರಿಯರಿಗೆ ಬಹಳ ಕಾಲದಿಂದ ಶುಗರ್ ಇತ್ತು. ಮುಂಗಾಲಿನ ಕೆಳಗೆ ದಪ್ಪ ಜಡ್ಡು. "ನನಗೇನೂ ತೊಂದರೆ ಇಲ್ಲ, ಮಗಳು ಬಲವಂತ ಮಾಡಿದಳು ಅಂತ ಬಂದೆ" ಅಂದರು. ಜಡ್ಡಿನ ನಡುವೆ ಕಂದು ಬಣ್ಣದ ಒಂದು ಚುಕ್ಕೆ ಇತ್ತು. ಸೂಪರ್‌ವೈಸರ್ ನನ್ನ ಪಕ್ಕಕ್ಕೆ ಬಂದು ಕೂತರು. ಪದರ ತೆಗೆಯುತ್ತಾ ಹೋದ ಹಾಗೆ ಆ ಚುಕ್ಕೆ ಅಗಲವಾಯಿತು. ಅದು ಒಣಗಿದ ರಕ್ತ. ಅದರ ಕೆಳಗೆ ಬಾಯಿ ತೆರೆದ ಗಾಯ. ಅವರಿಗೆ ಕೊನೆಯವರೆಗೂ ಏನೂ ಅನಿಸಲಿಲ್ಲ. ಗಟ್ಟಿ ಚರ್ಮವೇ ಒಳಗಿನ ಮಾಂಸವನ್ನು ಒತ್ತಿ ಒತ್ತಿ ಗಾಯ ಮಾಡಿತ್ತು, ನರ ಸತ್ತಿದ್ದರಿಂದ ಸುದ್ದಿ ಮೇಲಕ್ಕೆ ಹೋಗಿರಲಿಲ್ಲ. ಶುಗರ್ ಇರುವವರಲ್ಲಿ ಕಾಲು ಕತ್ತರಿಸುವ ಸ್ಥಿತಿ ಬರುವುದು ಹೆಚ್ಚಾಗಿ ಇಂಥ ಒಂದು ಗಾಯದಿಂದಲೇ. ಉಗುರು ಕತ್ತರಿಸೋಕೆ ಡಿಗ್ರಿ ಯಾಕೆ ಅಂತ ಕೇಳುವವರಿಗೆ ನಾನು ಹೇಳುವುದು ಇದನ್ನೇ. ಉಗುರು ಕತ್ತರಿಸಲು ಕೂತಾಗ ಉಳಿದ ಪಾದವನ್ನು ಓದಲು ಗೊತ್ತಿರಬೇಕು.

ಓದುವುದು ಹೇಗೆ? ಅದಕ್ಕೆ ಕೆಲವು ಸರಳ ಸಾಧನಗಳಿವೆ. ಮೊದಲನೆಯದು ಮಾನೊಫಿಲಮೆಂಟ್, ಮೀನಿನ ಗಾಳದ ದಾರದಂಥ ನೈಲಾನ್ ಎಳೆ. ಚರ್ಮಕ್ಕೆ ಒತ್ತಿದಾಗ ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆ. ರೋಗಿ ಕಣ್ಣು ಮುಚ್ಚಿಕೊಳ್ಳಬೇಕು, ಅನಿಸಿದಾಗ ಹೇಳಬೇಕು. "ಈಗ ಗೊತ್ತಾಯ್ತಾ?" ಅಂತ ನಾವು ಕೇಳುವಂತಿಲ್ಲ. ಕೇಳಿದರೆ ಪಾಪ, ಎಲ್ಲರೂ ಹೂಂ ಅನ್ನುತ್ತಾರೆ. ಜಡ್ಡಿನ ಮೇಲೆ ಒತ್ತುವಂತಿಲ್ಲ. ಒಂದೇ ತಾಳದಲ್ಲಿ ಒತ್ತುವಂತಿಲ್ಲ, ಲೆಕ್ಕ ಹಾಕಿ ಹೇಳಿಬಿಡುತ್ತಾರೆ. ಎರಡನೆಯದು 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್. ಹೆಬ್ಬೆರಳಿನ ಮೂಳೆಯ ಮೇಲಿಟ್ಟು, ಕಂಪನ ನಿಂತದ್ದು ಯಾವಾಗ ಅಂತ ಕೇಳುತ್ತೇವೆ.

ಮೂರನೆಯದು ಕೈಯಲ್ಲಿ ಹಿಡಿಯುವ ಡಾಪ್ಲರ್. ಇದು ನನಗೆ ಅಚ್ಚುಮೆಚ್ಚು. ಪಾದದ ಮೇಲೆ ಒಂದು ನಾಡಿ, ಕಣಕಾಲಿನ ಒಳಬದಿಯ ಉಬ್ಬಿನ ಹಿಂದೆ ಇನ್ನೊಂದು. ಜೆಲ್ ಹಚ್ಚಿ ಓರೆಯಾಗಿ ಇಟ್ಟರೆ ರಕ್ತ ಹರಿಯುವ ಸದ್ದು ಕೇಳುತ್ತದೆ. ಆರೋಗ್ಯವಂತ ರಕ್ತನಾಳದಲ್ಲಿ ಒಂದು ಬಡಿತಕ್ಕೆ ಮೂರು ತುಣುಕು ಸದ್ದು. ನಾಳ ಗಟ್ಟಿಯಾಗುತ್ತಾ, ಕಿರಿದಾಗುತ್ತಾ ಹೋದಂತೆ ಅದು ಎರಡಾಗಿ, ಕೊನೆಗೆ ಒಂದೇ ಒಂದು ಮಂದ ಉಸಿರಾಗುತ್ತದೆ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿ ಬರುವ ಸಂಖ್ಯೆ 0.9ಕ್ಕಿಂತ ಕಡಿಮೆ ಇದ್ದರೆ ಕಾಲಿಗೆ ರಕ್ತ ಸಾಲುತ್ತಿಲ್ಲ ಎಂಬ ಅನುಮಾನ. ಆದರೆ ಶುಗರ್ ಇರುವವರಲ್ಲಿ ನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಸೇರಿ, ಒತ್ತಡ ಅಳೆಯಲು ಕಟ್ಟುವ ಪಟ್ಟಿಗೆ ಅದನ್ನು ಅದುಮಲು ಆಗುವುದಿಲ್ಲ, ಸಂಖ್ಯೆ ಸುಮ್ನೆ ಜಾಸ್ತಿ ತೋರಿಸುತ್ತದೆ. ಅಂಥವರಿಗೆ ಹೆಬ್ಬೆರಳಿನ ಒತ್ತಡ ಅಳೆಯಬೇಕು. ಸಂಖ್ಯೆ ಚೆನ್ನಾಗಿದೆ ಅಂತ ನಂಬಿ ಸದ್ದನ್ನು ಕೇಳಿಸಿಕೊಳ್ಳದೆ ಬಿಟ್ಟರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಇದನ್ನು ನಮಗೆ ಮೇಷ್ಟ್ರು ಮತ್ತೆ ಮತ್ತೆ ಹೇಳುತ್ತಿದ್ದರು. ಅವರು ಹೇಳಿದ್ದು ಅಕ್ಷರಶಃ ನಿಜ ಅಂತ ಕೆಲಸಕ್ಕೆ ಸೇರಿದ ಮೇಲೆ ದಿನವೂ ನೋಡುತ್ತಿದ್ದೇನೆ.

ಎರಡನೇ ವರ್ಷ ಉಗುರಿನ ಶಸ್ತ್ರಚಿಕಿತ್ಸೆ. ಮಾಂಸದೊಳಗೆ ಬೆಳೆದ ಹೆಬ್ಬೆರಳ ಉಗುರು ಎಷ್ಟು ಕಾಡುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ರಾತ್ರಿ ಹೊದಿಕೆ ತಾಗಿದರೂ ಜೀವ ಹೋಗುತ್ತದೆ. ಈ ಆಪರೇಷನ್ ಅನ್ನು ಪೋಡಿಯಾಟ್ರಿಸ್ಟ್‌ಗಳೇ ಶುರುವಿನಿಂದ ಕೊನೆಯವರೆಗೆ ಮಾಡುತ್ತಾರೆ, ವಿದ್ಯಾರ್ಥಿಗಳು ಸೂಪರ್‌ವೈಸರ್ ಎದುರಿಗೆ ಮಾಡುತ್ತಾರೆ.

ಮೊದಲು ಅರಿವಳಿಕೆಯ ಲೆಕ್ಕ. ಶೇ. 2ರ ಲಿಡೋಕೇನ್ ಅಂದರೆ ಪ್ರತಿ ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಔಷಧ, ಶೇ. 3ರ ಮೆಪಿವಕೇನ್ ಅಂದರೆ 30 ಮಿಲಿಗ್ರಾಂ. ರೋಗಿಯ ತೂಕ ನೋಡಿ ಅವರಿಗೆ ಗರಿಷ್ಠ ಎಷ್ಟು ಕೊಡಬಹುದು ಅಂತ ಲೆಕ್ಕ ಹಾಕಿ, ಬರೆದು, ಇನ್ನೊಬ್ಬರಿಂದ ಪರಿಶೀಲಿಸಿಕೊಂಡ ಮೇಲೆಯೇ ಸಿರಿಂಜ್ ಎತ್ತಬೇಕು. ಬೆರಳಿನ ಬುಡದ ಎರಡೂ ಪಕ್ಕ ಚುಚ್ಚುಮದ್ದು. ಮರಗಟ್ಟಿದೆಯಾ ಅಂತ ಪರೀಕ್ಷೆ. ರಕ್ತ ನಿಲ್ಲಿಸಲು ಬೆರಳಿಗೆ ಬಿಗಿಯಾದ ಪಟ್ಟಿ, ಕಟ್ಟಿದ ಸಮಯವನ್ನು ಜೋರಾಗಿ ಹೇಳಿ ಬರೆಸಬೇಕು, ಬಿಚ್ಚಿದ ಸಮಯವನ್ನೂ ಹಾಗೆಯೇ. ಆಮೇಲೆ ಉಗುರಿನ ಅಂಚನ್ನು ಉದ್ದಕ್ಕೆ ಸೀಳಿ, ಬುಡದಿಂದ ತಿರುಗಿಸಿ ಎಳೆದರೆ ಒಳಗೆ ಹೂತುಹೋಗಿದ್ದ ಚೂರು ಪೂರ್ತಿ ಹೊರಗೆ ಬರುತ್ತದೆ. ಹೊರಗೆ ಕಂಡದ್ದಕ್ಕಿಂತ ಒಳಗಿದ್ದದ್ದೇ ಎಷ್ಟೋ ಜಾಸ್ತಿ. ಆ ಅಂಚಿನಲ್ಲಿ ಉಗುರು ಮತ್ತೆ ಹುಟ್ಟದಂತೆ ಬುಡದ ಜೀವಕೋಶಗಳನ್ನು ಫೀನಾಲ್ ಎಂಬ ರಾಸಾಯನಿಕ ಹಚ್ಚಿ ಸುಡುತ್ತೇವೆ. ಫೀನಾಲ್ ಅಕ್ಕಪಕ್ಕದ ಚರ್ಮಕ್ಕೆ ತಾಗಬಾರದು. ಪಟ್ಟಿ ಬಿಚ್ಚಿದಾಗ ಬಿಳಿಚಿಕೊಂಡ ಬೆರಳಿಗೆ ರಕ್ತ ಮರಳಿ ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ಕಣ್ಣಾರೆ ನೋಡಿ, ದಾಖಲೆಯಲ್ಲಿ ಬರೆದ ಮೇಲೆಯೇ ಡ್ರೆಸ್ಸಿಂಗ್. ಗಾಯ ಮಾಯಲು ಕೆಲವು ವಾರ ಬೇಕು.

ಹದಿಹರೆಯದ ಹುಡುಗರು ಈ ಆಪರೇಷನ್‌ಗೆ ಜಾಸ್ತಿ ಬರುತ್ತಾರೆ. ಸೂಜಿ ನೋಡಿ ಬೆವರುತ್ತಾರೆ. ಅವರನ್ನು ಮಾತಾಡಿಸುತ್ತಾ, ಮುಂದೆ ಏನು ಮಾಡುತ್ತೇನೆ ಅಂತ ಮೊದಲೇ ಹೇಳುತ್ತಾ ಕೆಲಸ ಮಾಡುವುದು ಚುಚ್ಚುಮದ್ದಿನಷ್ಟೇ ಕಲಿಯಬೇಕಾದ ಕಲೆ. ನನ್ನ ಪ್ರಕಾರ ಒಳ್ಳೆಯ ಪೋಡಿಯಾಟ್ರಿಸ್ಟ್ ಗುರುತು ಸಿಗುವುದೇ ಅಲ್ಲಿ.

ನಡಿಗೆಯ ವಿಷಯ, ಅಂದರೆ ಬಯೋಮೆಕ್ಯಾನಿಕ್ಸ್, ಹೆಚ್ಚಿನವರಿಗೆ ಕಬ್ಬಿಣದ ಕಡಲೆ. ಹಿಮ್ಮಡಿ ನೆಲ ಮುಟ್ಟಿದಾಗಿನಿಂದ ಬೆರಳು ನೆಲ ಬಿಡುವವರೆಗೆ ಒಂದು ಹೆಜ್ಜೆಯ ಸುಮಾರು ಶೇ. 60 ಭಾಗ, ಕಾಲು ಗಾಳಿಯಲ್ಲಿರುವುದು ಉಳಿದ ಶೇ. 40. ಅಷ್ಟರೊಳಗೆ ಪಾದ ಒಮ್ಮೆ ಸಡಿಲವಾಗಿ ನೆಲಕ್ಕೆ ಹೊಂದಿಕೊಳ್ಳಬೇಕು, ಇನ್ನೊಮ್ಮೆ ಬಿಗಿಯಾಗಿ ಮೈಯನ್ನು ಮುಂದೆ ತಳ್ಳಬೇಕು. ಅಮೆರಿಕದ ಮರ್ಟನ್ ರೂಟ್ 1970ರ ದಶಕದಲ್ಲಿ ಬೆಳೆಸಿದ ಸಿದ್ಧಾಂತದ ಮೇಲೆ ಈ ವಿಷಯ ಬಹಳ ಕಾಲ ನಿಂತಿತ್ತು. ಪಾದಕ್ಕೆ ಒಂದು ಸರಿಯಾದ ನಿಲುವು ಇದೆ, ಅದರಿಂದ ದೂರವಾದಷ್ಟೂ ತೊಂದರೆ ಅನ್ನುವುದು ಅದರ ಸಾರ. ಈಗ ಆ ನಂಬಿಕೆ ಸಡಿಲಾಗಿದೆ. ಚಪ್ಪಟೆ ಪಾದ ಇದ್ದವರೆಲ್ಲರಿಗೂ ನೋವಿರುವುದಿಲ್ಲ. ಯಾವ ಸ್ನಾಯು, ಸ್ನಾಯುವನ್ನು ಮೂಳೆಗೆ ಜೋಡಿಸುವ ಯಾವ ಕಂಡರ ತನ್ನ ಶಕ್ತಿಗಿಂತ ಹೆಚ್ಚು ಭಾರ ಹೊರುತ್ತಿದೆ ಅಂತ ಹುಡುಕಿ ಆ ಭಾರ ಇಳಿಸುವುದು ಈಗಿನ ಯೋಚನೆ. ನನಗೆ ಇದೇ ಸರಿ ಅನಿಸುತ್ತದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚುತ್ತದೆ ಅನ್ನುವವರಿಗೆ ದುಬಾರಿ ಇನ್ಸೋಲ್‌ಗಿಂತ ಮೊದಲು ವ್ಯಾಯಾಮ, ಸರಿಯಾದ ಶೂ, ಸ್ವಲ್ಪ ತಾಳ್ಮೆ ಬೇಕು. ಅದನ್ನು ಧೈರ್ಯವಾಗಿ ಹೇಳುವುದನ್ನೂ ಕಲಿಯಬೇಕು.

ಚರ್ಮರೋಗದ ಪಾಠಗಳಲ್ಲಿ ನೆನಪಿನಲ್ಲಿ ಉಳಿದದ್ದು ಉಗುರಿನ ಕೆಳಗಿನ ಕಪ್ಪು ಕಲೆ. ಬಹುತೇಕ ಸಲ ಅದು ಪೆಟ್ಟು ಬಿದ್ದು ಹೆಪ್ಪುಗಟ್ಟಿದ ರಕ್ತ. ಅಪರೂಪಕ್ಕೆ ಅದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್. ಗಾಯಕ ಬಾಬ್ ಮಾರ್ಲಿ 1981ರಲ್ಲಿ 36ನೇ ವಯಸ್ಸಿಗೇ ತೀರಿಕೊಂಡದ್ದು ಕಾಲ್ಬೆರಳ ಉಗುರಿನ ಕೆಳಗೆ ಶುರುವಾದ ಇಂಥದ್ದೇ ಕ್ಯಾನ್ಸರ್‌ನಿಂದ. ರಕ್ತದ ಕಲೆಯಾದರೆ ಉಗುರು ಬೆಳೆದಂತೆ ಮುಂದಕ್ಕೆ ಸರಿಯುತ್ತದೆ. ಸರಿಯದೆ ಅಗಲವಾಗುತ್ತಿದ್ದರೆ, ಬಣ್ಣ ಉಗುರು ದಾಟಿ ಚರ್ಮಕ್ಕೂ ಹರಡಿದ್ದರೆ ಕೂಡಲೇ ತಜ್ಞರ ಹತ್ತಿರ ಕಳಿಸಬೇಕು. ವರ್ಷಕ್ಕೊಮ್ಮೆಯೂ ತಮ್ಮ ಕಾಲನ್ನು ನೋಡಿಕೊಳ್ಳದ ಎಷ್ಟೋ ಜನರ ಪಾದವನ್ನು ಹತ್ತಿರದಿಂದ ನೋಡುವವರು ನಾವು ಮಾತ್ರ.

ಓದಿನ ಉದ್ದಕ್ಕೂ ಪ್ಲೇಸ್‌ಮೆಂಟ್, ಅಂದರೆ ಕ್ಲಿನಿಕ್‌ಗಳಲ್ಲಿ ತರಬೇತಿ, ಇರುತ್ತದೆ. ಮೂರು ವರ್ಷದಲ್ಲಿ ಸುಮಾರು 1,000 ಗಂಟೆ ಕ್ಲಿನಿಕ್‌ನಲ್ಲಿ ಕಳೆಯಬೇಕು ಅನ್ನುವುದು ಈ ಕೋರ್ಸ್‌ಗಳ ರೂಢಿ. ನನ್ನನ್ನು ಬದಲಿಸಿದ್ದು ಆಸ್ಪತ್ರೆಯ ಡಯಾಬಿಟಿಕ್ ಫುಟ್ ಕ್ಲಿನಿಕ್. ಒಂದೇ ಕೋಣೆಯಲ್ಲಿ ಪೋಡಿಯಾಟ್ರಿಸ್ಟ್, ಶುಗರ್ ತಜ್ಞರು, ರಕ್ತನಾಳದ ಸರ್ಜನ್, ಶೂ ಮತ್ತು ಇನ್ಸೋಲ್ ಮಾಡಿಸುವ ಆರ್ಥೊಟಿಸ್ಟ್. ಅಲ್ಲಿ ನಮ್ಮ ಮಾತಿಗೆ ಬೆಲೆ ಇತ್ತು. ಗಾಯದ ಆಳ ಎಷ್ಟು, ಲೋಹದ ಕಡ್ಡಿ ಮೂಳೆಗೆ ತಾಗುತ್ತಿದೆಯಾ ಅಂತ ಸರ್ಜನ್ ನಮ್ಮನ್ನು ಕೇಳುತ್ತಿದ್ದರು.

ಅಲ್ಲಿಗೆ ಒಬ್ಬ ಮಹಿಳೆ ಬಂದರು. ಕಾಲು ಉಳುಕಿದೆ ಅಂತ ಅವರ ನಂಬಿಕೆ. ಒಂದು ಪಾದ ಕೆಂಪಗೆ ಊದಿಕೊಂಡಿತ್ತು, ಗಾಯ ಮಾತ್ರ ಎಲ್ಲೂ ಇಲ್ಲ. ಅವರು ಅದರ ಮೇಲೆ ಆರಾಮವಾಗಿ ನಡೆದುಕೊಂಡೇ ಬಂದಿದ್ದರು. ಮುಟ್ಟಿ ನೋಡಿದರೆ ಬಿಸಿ. ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಎರಡು ಪಾದಗಳ ನಡುವೆ ಕೆಲವು ಡಿಗ್ರಿಗಳ ವ್ಯತ್ಯಾಸ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಹಿರಿಯ ಪೋಡಿಯಾಟ್ರಿಸ್ಟ್ ಎಕ್ಸ್‌ರೇ ಪಕ್ಕಕ್ಕಿಟ್ಟು, "ಇನ್ನು ಒಂದು ಹೆಜ್ಜೆಯೂ ನಡೆಯಬೇಡಿ" ಅಂದು ಗಾಲಿಕುರ್ಚಿ ತರಿಸಿದರು. ಅದು ಶಾರ್ಕೊ ಫುಟ್. ಫ್ರಾನ್ಸಿನ ನರವೈದ್ಯ ಜಾನ್ ಮಾರ್ಟಿನ್ ಶಾರ್ಕೊ 1868ರಲ್ಲೇ ನರ ಸತ್ತ ಕೀಲುಗಳು ಹೀಗೆ ಹಾಳಾಗುವುದನ್ನು ವಿವರಿಸಿದ್ದರು. ಶುರುವಿನಲ್ಲಿ ಎಕ್ಸ್‌ರೇ ಚೆನ್ನಾಗಿಯೇ ಕಾಣಬಹುದು. ಆಗಲೇ ಹಿಡಿದು, ಮಂಡಿ ಕೆಳಗಿನವರೆಗೆ ಮೈಗೆ ಅಂಟಿದಂತೆ ಕೂರುವ ಕಟ್ಟು ಹಾಕಿ ತಿಂಗಳುಗಟ್ಟಲೆ ಭಾರ ಇಳಿಸಿದರೆ ಪಾದದ ಆಕಾರ ಉಳಿಯುತ್ತದೆ. ನಡೆಯುತ್ತಲೇ ಇದ್ದರೆ ಮೂಳೆಗಳು ಒಂದೊಂದಾಗಿ ಕುಸಿದು ಪಾದದ ಕಮಾನು ಕೆಳಮುಖವಾಗಿ ಉಬ್ಬುತ್ತದೆ. ಬ್ರಿಟನ್‌ನ ನೈಸ್ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ ಕಾಲನ್ನು ಒಂದು ಕೆಲಸದ ದಿನದೊಳಗೆ ತಜ್ಞರ ತಂಡಕ್ಕೆ ಕಳಿಸಬೇಕು ಅನ್ನುತ್ತದೆ. ಆ ಆತುರ ಯಾಕೆ ಅಂತ ನನಗೆ ಆವತ್ತು ಅರ್ಥವಾಯಿತು.

ಮೂರನೇ ವರ್ಷದ ಪ್ರಬಂಧ, ಪರೀಕ್ಷೆ ಇವುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬೇರೆ ಡಿಗ್ರಿಗಳ ಹಾಗೆಯೇ.

ಮುಗಿಸಿದ ಮೇಲೆ ಎಚ್‌ಸಿಪಿಸಿ ಎಂಬ ನಿಯಂತ್ರಣ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಬೇಕು. ಪೋಡಿಯಾಟ್ರಿಸ್ಟ್, ಅದರ ಹಳೆಯ ಹೆಸರಾದ ಕಿರೊಪೊಡಿಸ್ಟ್ ಎರಡೂ ಅಲ್ಲಿ ಕಾನೂನಿನ ರಕ್ಷಣೆ ಇರುವ ಹೆಸರುಗಳು. ನೋಂದಣಿ ಇಲ್ಲದೆ ಬೋರ್ಡಿನಲ್ಲಿ ಹಾಕಿಕೊಂಡರೆ ಅಪರಾಧ. ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು, ಹೊಸದಾಗಿ ಏನು ಕಲಿತೆವು ಎಂಬ ದಾಖಲೆ ಇಟ್ಟುಕೊಳ್ಳಬೇಕು. ಅದಕ್ಕೇ ಕೋರ್ಸ್ ಆರಿಸುವಾಗ ಎಚ್‌ಸಿಪಿಸಿ ಒಪ್ಪಿದ ಕೋರ್ಸ್ ಹೌದಾ ಅಂತ ಮೊದಲು ನೋಡಿ. ಕಾಲಿನ ಆರೈಕೆಯ ಸಣ್ಣ ಸರ್ಟಿಫಿಕೇಟ್ ಕೋರ್ಸ್‌ಗಳಿಂದ ಈ ನೋಂದಣಿ ಸಿಗುವುದಿಲ್ಲ.

ಇನ್ನು ಕೆಲಸ. 2021ರಲ್ಲಿ ಜಗತ್ತಿನ ವಯಸ್ಕರಲ್ಲಿ ಸುಮಾರು 53.7 ಕೋಟಿ ಜನರಿಗೆ ಶುಗರ್ ಇದೆ ಅಂತ ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ ಅಂದಾಜು ಮಾಡಿತ್ತು. ಜೊತೆಗೆ ಜನರ ಆಯಸ್ಸು ಹೆಚ್ಚುತ್ತಿದೆ. ಇವೆರಡೂ ಇರುವ ತನಕ ಪಾದ ನೋಡುವವರು ಬೇಕೇ ಬೇಕು. ಓದಲು ಬರುವವರು ಮಾತ್ರ ಕಡಿಮೆ. ಇಂಗ್ಲೆಂಡ್‌ನಲ್ಲಿ 2020ರಿಂದ ಆರೋಗ್ಯ ಕೋರ್ಸ್‌ಗಳ ಅರ್ಹ ವಿದ್ಯಾರ್ಥಿಗಳಿಗೆ ವರ್ಷಕ್ಕೆ 5,000 ಪೌಂಡ್ ಅನುದಾನ ಸಿಗುತ್ತದೆ. ಜನ ಸಾಲದ ವಿಷಯಗಳಿಗೆ ಇನ್ನೂ 1,000 ಪೌಂಡ್ ಸೇರಿಸುತ್ತಾರೆ, ಪೋಡಿಯಾಟ್ರಿ ಆ ಪಟ್ಟಿಯಲ್ಲಿದೆ. ಹೊರದೇಶದಿಂದ ಹೋಗುವ ವಿದ್ಯಾರ್ಥಿಗಳು ಈ ಹಣವನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಪೂರ್ತಿ ಫೀಸಿನ ಲೆಕ್ಕ ಹಾಕಿಯೇ ಹೊರಡಬೇಕು.

ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಹೊಸಬರು ಬ್ಯಾಂಡ್ 5 ಎಂಬ ಸಂಬಳದ ದರ್ಜೆಯಲ್ಲಿ ಸೇರುತ್ತಾರೆ. ಒಂದು ವಿಭಾಗದಲ್ಲಿ ಪರಿಣತಿ ಬಂದ ಮೇಲೆ ಬ್ಯಾಂಡ್ 6, ಆಮೇಲೆ ತಂಡ ನಡೆಸುವ ಅಥವಾ ಕಷ್ಟದ ರೋಗಿಗಳನ್ನು ನೋಡುವ ಬ್ಯಾಂಡ್ 7. ನಾನು ಸೇರಿದ್ದು ಇದೇ ದಾರಿಯಲ್ಲಿ. ಬೆಳಿಗ್ಗೆ ಗಾಯದ ಕ್ಲಿನಿಕ್, ಮಧ್ಯಾಹ್ನ ಮನೆಗಳಿಗೆ ಭೇಟಿ, ಇನ್ನೊಂದು ದಿನ ಉಗುರಿನ ಆಪರೇಷನ್. ಮೊದಲ ಕೆಲಸಕ್ಕೆ ಇಂಥ ಸುತ್ತು ಸರದಿ ಇರುವ ಜಾಗವನ್ನೇ ಹುಡುಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅನುಮಾನ ಬಂದಾಗ ಪಕ್ಕದ ಕೋಣೆಯ ಬಾಗಿಲು ತಟ್ಟಿ, "ಒಂದ್ನಿಮಿಷ ಬಂದು ನೋಡ್ತೀರಾ?" ಅಂತ ಕೇಳಲು ಹಿರಿಯರು ಇರಬೇಕು. ಆ ಅನುಕೂಲಕ್ಕೆ ಸಂಬಳದಲ್ಲಿ ಬೆಲೆ ಕಟ್ಟಲಾಗದು. ಕಷ್ಟವೂ ಇದೆ. ರೋಗಿಗಳ ಸಾಲು ಉದ್ದ, ಸಮಯ ಕಡಿಮೆ. ಅಪಾಯ ಕಡಿಮೆ ಇರುವವರನ್ನು ನೋಡಲಾಗದೆ ವಾಪಸ್ ಕಳಿಸಬೇಕಾದಾಗ ಸಂಕಟವಾಗುತ್ತದೆ.

ಖಾಸಗಿ ಕ್ಲಿನಿಕ್ ಇನ್ನೊಂದು ದಾರಿ, ಬಹಳ ಜನ ಕೊನೆಗೆ ಅಲ್ಲಿಗೇ ಹೋಗುತ್ತಾರೆ. ಡಾಕ್ಟರ ಚೀಟಿ ಇಲ್ಲದೆ ರೋಗಿ ನೇರವಾಗಿ ನಮ್ಮ ಹತ್ತಿರ ಬರಬಹುದು. ಸ್ವಂತವಾಗಿ ನಿರ್ಧಾರ ಮಾಡಬಹುದು, ಸಮಯ ನಮ್ಮದೇ, ಆದಾಯವೂ ಹೆಚ್ಚಾಗಬಹುದು. ಆದರೆ ಓದು ಮುಗಿದ ಕೂಡಲೇ ಒಬ್ಬರೇ ಕ್ಲಿನಿಕ್ ತೆರೆಯುವುದು ನನಗೆ ಸರಿ ಕಾಣುವುದಿಲ್ಲ. ಉಗುರು, ಜಡ್ಡು, ಆಣಿ, ಇಷ್ಟರಲ್ಲೇ ದಿನ ಕಳೆದುಹೋಗಿ, ಕಷ್ಟಪಟ್ಟು ಕಲಿತ ಉಳಿದದ್ದು ಮರೆಯುತ್ತದೆ. ಎರಡು ಮೂರು ವರ್ಷ ತಂಡದ ಜೊತೆ ಪಳಗಿ ಹೋದವರ ಕ್ಲಿನಿಕ್‌ಗೂ ನೇರವಾಗಿ ಹೋದವರ ಕ್ಲಿನಿಕ್‌ಗೂ ವ್ಯತ್ಯಾಸ ಕಾಣುತ್ತದೆ.

ಅಲ್ಲಿಂದ ಮೇಲೆ ಕವಲುಗಳಿವೆ. ಡಿಗ್ರಿಯ ಜೊತೆಗೇ ಅರಿವಳಿಕೆ ಕೊಡುವ, ಕೆಲವು ಆ್ಯಂಟಿಬಯಾಟಿಕ್‌ಗಳನ್ನು ನೀಡುವ ಅರ್ಹತೆ ಸಿಗುತ್ತದೆ. 2013ರಲ್ಲಿ ಕಾನೂನು ಬದಲಾಗಿ, ಹೆಚ್ಚುವರಿ ಕೋರ್ಸ್ ಮುಗಿಸಿದ ಪೋಡಿಯಾಟ್ರಿಸ್ಟ್‌ಗಳು ಸ್ವತಂತ್ರವಾಗಿ ಔಷಧ ಬರೆಯಬಹುದು ಎಂದಾಯಿತು. ಇನ್ನೂ ಹಲವು ವರ್ಷ ತರಬೇತಿ ಪಡೆದರೆ ಹೆಬ್ಬೆರಳ ಬುಡದ ಗಂಟು, ಬಾಗಿದ ಬೆರಳುಗಳಂಥ ಮೂಳೆಯ ಆಪರೇಷನ್ ಮಾಡುವ ಪೋಡಿಯಾಟ್ರಿಕ್ ಸರ್ಜನ್ ಆಗಬಹುದು. ಕ್ರೀಡಾಪಟುಗಳು, ಮಕ್ಕಳ ನಡಿಗೆ, ಸಂಧಿವಾತ, ಪಾಠ ಹೇಳುವುದು, ಸಂಶೋಧನೆ, ಎಲ್ಲಕ್ಕೂ ಜಾಗ ಇದೆ. ಕ್ರೀಡೆಯ ಆಸೆಯಿಂದ ಸೇರುವವರು ಬಹಳ. ಅಲ್ಲಿ ಕೆಲಸಗಳು ಕಡಿಮೆ, ಪೈಪೋಟಿ ಜಾಸ್ತಿ. ಅದೊಂದನ್ನೇ ನಂಬಿ ಬರಬೇಡಿ.

ದೇಶ ಬದಲಿಸುವ ಯೋಚನೆ ಇದ್ದರೆ ಮುಂಚೆಯೇ ನಿಯಮ ನೋಡಿಕೊಳ್ಳಬೇಕು. ಅಮೆರಿಕದಲ್ಲಿ ಇದು ಬೇರೆಯೇ ಲೋಕ. ಮೊದಲು ಪದವಿ ಹಂತದ ಓದು, ಆಮೇಲೆ 4 ವರ್ಷದ ಡಿಪಿಎಂ ಎಂಬ ಪೋಡಿಯಾಟ್ರಿ ಡಾಕ್ಟರ್ ಪದವಿ, ಮತ್ತೆ 3 ವರ್ಷ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ತರಬೇತಿ. ಅಲ್ಲಿನ ಪೋಡಿಯಾಟ್ರಿಸ್ಟ್ ಸರ್ಜನ್ ಆಗಿಯೇ ತಯಾರಾಗುತ್ತಾರೆ. ಬ್ರಿಟನ್ ಡಿಗ್ರಿ ಇಟ್ಟುಕೊಂಡು ಅಲ್ಲಿ ಕೆಲಸ ಶುರು ಮಾಡಲಾಗದು. ಆಸ್ಟ್ರೇಲಿಯಾದ ಪದ್ಧತಿ ಬ್ರಿಟನ್‌ಗೆ ಹತ್ತಿರ, ಅಲ್ಲಿ ಸಾಮಾನ್ಯವಾಗಿ 4 ವರ್ಷದ ಡಿಗ್ರಿ, ನೋಂದಣಿ ಅಲ್ಲಿನ ಪೋಡಿಯಾಟ್ರಿ ಮಂಡಳಿಯದು. ಎಷ್ಟೋ ದೇಶಗಳಲ್ಲಿ ಈ ವೃತ್ತಿಗೆ ಇನ್ನೂ ಪ್ರತ್ಯೇಕ ಗುರುತೇ ಇಲ್ಲ. ಓದಿ ಎಲ್ಲಿ ಕೆಲಸ ಮಾಡಬೇಕು ಅಂತ ಮೊದಲು ಯೋಚಿಸಿ, ಆಮೇಲೆ ಎಲ್ಲಿ ಓದಬೇಕು ಅಂತ ತೀರ್ಮಾನಿಸಿ.

ದೇಹದ ಮೇಲೆ ಬೀಳುವ ಭಾರವನ್ನೂ ಯಾರೂ ಮೊದಲೇ ಹೇಳುವುದಿಲ್ಲ. ದಿನವಿಡೀ ಬಗ್ಗಿ ಕೂರುವುದರಿಂದ ಕುತ್ತಿಗೆ, ಸೊಂಟ ನೋಯುತ್ತವೆ. ದಪ್ಪ ಉಗುರು ಕತ್ತರಿಸುವ ಕೈಯ ಹೆಬ್ಬೆರಳ ಬುಡ ಸವೆಯುತ್ತದೆ. ಉಗುರು ಉಜ್ಜುವ ಡ್ರಿಲ್‌ನಿಂದ ಏಳುವ ಪುಡಿಯಲ್ಲಿ ಫಂಗಸ್ ಇರಬಹುದು. ಪುಡಿ ಹೀರುವ ಯಂತ್ರ, ಮಾಸ್ಕ್, ಕನ್ನಡಕ ಇಲ್ಲದೆ ಡ್ರಿಲ್ ಮುಟ್ಟಬಾರದು. ಕುರ್ಚಿಯ ಎತ್ತರ ಸರಿಮಾಡಿಕೊಳ್ಳುವ ಅಭ್ಯಾಸವನ್ನು ಮೊದಲ ವರ್ಷದಲ್ಲೇ ರೂಢಿಸಿಕೊಳ್ಳಿ.

ಸೇರುವ ಮನಸ್ಸಿದ್ದವರು ಅರ್ಜಿ ಹಾಕುವ ಮುಂಚೆ ಒಂದು ದಿನವಾದರೂ ಕ್ಲಿನಿಕ್‌ನಲ್ಲಿ ಕೂತು ನೋಡಿ. ಸಾಧ್ಯವಾದರೆ ಡಯಾಬಿಟಿಕ್ ಫುಟ್ ಕ್ಲಿನಿಕ್‌ನಲ್ಲೇ ಕೂರಿ. ವಿಶ್ವವಿದ್ಯಾಲಯ ನೋಡಲು ಹೋದಾಗ ಕಟ್ಟಡ, ಹಾಸ್ಟೆಲ್ ನೋಡಿ ಬರಬೇಡಿ. ಸ್ವಂತ ಕ್ಲಿನಿಕ್ ಇದೆಯಾ, ವಿದ್ಯಾರ್ಥಿಗೆ ಮೊದಲ ರೋಗಿ ಸಿಗುವುದು ಯಾವ ತಿಂಗಳಲ್ಲಿ, ಒಬ್ಬೊಬ್ಬರು ಎಷ್ಟು ಉಗುರಿನ ಆಪರೇಷನ್ ಮಾಡಿ ಹೊರಗೆ ಬರುತ್ತಾರೆ, ಗಾಯದ ಕ್ಲಿನಿಕ್‌ನಲ್ಲಿ ಪ್ಲೇಸ್‌ಮೆಂಟ್ ಎಲ್ಲರಿಗೂ ಸಿಗುತ್ತದಾ ಅಥವಾ ಅದೃಷ್ಟ ಇದ್ದವರಿಗೆ ಮಾತ್ರವಾ ಅಂತ ಬಾಯಿಬಿಟ್ಟು ಕೇಳಿ. ಮೇಷ್ಟ್ರನ್ನು ಕೇಳಿದ ಮೇಲೆ ಮೂರನೇ ವರ್ಷದ ವಿದ್ಯಾರ್ಥಿಗಳನ್ನೂ ಕೇಳಿ.